ಮಾವ ಕಿತ್ತ ಹುಲ್ಲು

ಜೂನ್ 14, ಬೆಳಿಗ್ಗೆ 7
ಬಿತ್ತಿ ಇವತ್ತಿಗೆ ಹನ್ನೊಂದನೆಯ ದಿನ. ಅಂಗಳದ ಹುಲ್ಲು ಬೆರಳುದ್ದ ಬಂದಿದೆ. ಗೇಟಿನ ಕಡೆ ಸ್ವಲ್ಪ ತೆಳು. ನರ್ಸರಿಯ ಲಾನ್ ಅಲ್ಲ — ಈ ನೆಲದ್ದೇ ಹುಲ್ಲು. ಬೀಜಕ್ಕಾಗಿ ಎರಡು ಭಾನುವಾರ ರೈಲು ಹಳಿಯ ಪಕ್ಕ ಬಗ್ಗಿ ನಡೆದಿದ್ದೇನೆ. ಸೊಂಟ ಇನ್ನೂ ಮರೆತಿಲ್ಲ.
ಇವತ್ತು ಮಾವ ಬರುತ್ತಾರೆ. ಒಂದು ತಿಂಗಳಿಗೆ. ಪ್ರೂಫ್ ತಿದ್ದುವವನಿಗೆ ಮಗಳನ್ನು ಕೊಡುವುದಿಲ್ಲ ಎಂದಿದ್ದವರು. ಮದುವೆಯಾಗಿ ಆರು ವರ್ಷ. ನನ್ನ ಜೊತೆ ಅವರು ಆಡಿದ ಮಾತೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತದೆ.

ಜೂನ್ 15
ಎದ್ದು ಬಂದರೆ ಅಂಗಳ ನುಣ್ಣಗೆ. ಮಾವನ ಕೈಯೆಲ್ಲ ಮಣ್ಣು, ಮುಖದ ತುಂಬ ನಗು.
"ಕಳೆ ಎಲ್ಲಾ ಕಿತ್ತುಹಾಕ್ದೆ, ಅಳಿಯಂದ್ರೇ. ನಿಮಗೆಲ್ಲಿ ಪುರುಸೊತ್ತು."
ನನಗಾಗಿ ಅವರು ಮಾಡಿದ ಮೊದಲ ಕೆಲಸ. "ತುಂಬಾ ಉಪಕಾರ ಆಯ್ತು" ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಸ್ವಲ್ಪ ಹೊತ್ತು ನಿಂತಿದ್ದೆ.

ಸಂಜೆ
ಹೆಂಡತಿ ಬಾಯಿಬಿಟ್ಟಳು. "ಅಪ್ಪಾ, ಅದು ಕಳೆ ಅಲ್ಲ. ಇವ್ರು ಬೆಳೆಸಿದ್ದು."
ಮಾವ ಅರ್ಧ ಕಾಫಿ ಬಿಟ್ಟು ಎದ್ದರು. ಕನ್ನಡಕ ಹಾಕಿಕೊಂಡು ಕಸದ ಬುಟ್ಟಿಯ ಮುಂದೆ ಕೂತರು. ಒಂದೊಂದೇ ಎಳೆ ಬಿಡಿಸಿ ಕೊಟ್ಟರು, ನಾನು ನೆಟ್ಟೆ. ನಲವತ್ತೊಂದು.

ಜೂನ್ 23
ಮೂವತ್ತು ಬದುಕಿವೆ.

ಆಗಸ್ಟ್ 2
ಮಾವ ಹೊರಡುವ ಮಾತೇ ಇಲ್ಲ. ಹುಲ್ಲು ಮೊಣಕಾಲೆತ್ತರ.
ಪಕ್ಕದ ಮನೆಯ ಕಾರ್ಯದರ್ಶಿ — ಬಡಾವಣೆ ಸಂಘದವರು — ಗೇಟಿನಲ್ಲಿ ನಿಂತು, "ಏನ್ಸಾರ್, ಕಳೆ ಇಷ್ಟೆತ್ತರ ಬಿಟ್ಟಿದ್ದೀರಿ?" ಎಂದರು.
ಮಾವ: "ಕಳೆ ಯಾವ್ದು, ಹುಲ್ಲು ಯಾವ್ದು ಗೊತ್ತಿಲ್ದವ್ರು ಮಾತಾಡ್ಬಾರ್ದು."
ನಾನು ತಲೆ ಎತ್ತದೆ ಪ್ರೂಫ್ ನೋಡಿದೆ.

ಅಕ್ಟೋಬರ್ 19
ಹುಲ್ಲು ಹಳದಿ. ಮೂರು ದಿನದಿಂದ ಮಾವ ಕದ್ದುಮುಚ್ಚಿ ಬಕೆಟ್‌ಗಟ್ಟಲೆ ನೀರು ಹೊಯ್ಯುತ್ತಿದ್ದರು. ಇವತ್ತು ತಡೆಯಲಾರದೆ ಬಂದು ನಿಂತರು.
"ಮತ್ತೆ ನಾನೇ ಕೊಂದೆ ಕಣಯ್ಯ."
"ಇಲ್ಲ ಮಾವ, ಇದರ ಆಯುಸ್ಸೇ ಒಂದು ಮಳೆಗಾಲ. ಬೀಜ ಉದುರಿಸಿ ಒಣಗುತ್ತೆ. ಮುಂದಿನ ಮಳೆಗೆ ತಾನಾಗೇ ಹುಟ್ಟುತ್ತೆ."
"ಮೊದ್ಲೇ ಹೇಳೋಕೇನಾಗಿತ್ತು?"
"ನೀವು ಕೇಳ್ಲಿಲ್ಲ."
"ಆಗ ನಾವಿಬ್ರು ಮಾತಾಡ್ತಿದ್ವಾ?"
ಅದೂ ಸರಿಯೇ.

ಜೂನ್ 20
ಮಾವ ಊರಿಗೆ ಹೋಗಿ ಏಳು ತಿಂಗಳು. ಹುಲ್ಲು ಹುಟ್ಟಿದೆ — ಅಂಗಳದಲ್ಲಿ, ಮೆಟ್ಟಿಲ ಸಂದಿಯಲ್ಲಿ, ಕಾರ್ಯದರ್ಶಿಯ ಲಾನಿನ ನಟ್ಟನಡುವೆ. ಫೋನ್ ಮಾಡಿ ಹೇಳಿದೆ.
"ಯಾರೂ ಮುಟ್ಬೇಡಿ. ನಾನೇ ಬರ್ತೀನಿ."

ಜೂನ್ 21, ಬೆಳಿಗ್ಗೆ 6.30
ಮೊದಲ ಬಸ್ಸಿಗೇ ಬಂದಿದ್ದಾರೆ. ಮನೆಯೊಳಗೆ ಇನ್ನೂ ಕಾಲಿಟ್ಟಿಲ್ಲ. ಕಿಟಕಿಯಿಂದ ಕಾಣುತ್ತಿದೆ — ಕಾರ್ಯದರ್ಶಿ ತಮ್ಮ ಲಾನಿನಲ್ಲಿ ಕೀಳಲು ಕೂತಿದ್ದಾರೆ, ಎದುರಿಗೇ ಮಾವ, ಬ್ಯಾಗ್ ಹೆಗಲಲ್ಲೇ.
"ಕೈ ತೆಗೀರಿ. ಅದು ನನ್ನ ಅಳಿಯ ಬೆಳೆಸಿದ್ದು."
"ಜಾಗ ನಂದು ಸಾರ್."
"ಜಾಗ ನಿಮ್ದೇ ಇರ್ಲಿ, ಹುಲ್ಲು..."
ಮಾವ ಲಾನಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಹೆಂಡತಿ ಕೂಗುತ್ತಿದ್ದಾಳೆ. ನಾನೂ ಹೊರಟೆ. ನನ್ನ ಚಪ್ಪಲಿ ಎಲ್ಲಿ —