ಮಲ್ಕಮ್ಮನ ವಾಟರ್ ಬೆಡ್

ಏಪ್ರಿಲ್ 9, ಬುಧವಾರ

ಮಲ್ಕಮ್ಮನನ್ನು ಎಡಕ್ಕೆ ಹೊರಳಿಸಿದೆ. ಪೌಡರ್ ಹಾಕಿದೆ. ವಾಟರ್ ಬೆಡ್ ಮತ್ತೆ ಸೋರಿದೆ — ಕಾಲ ಕಡೆ ಹೊಸ ತೂತು, ಬೆಕ್ಕಿನ ಉಗುರು. ಸೈಕಲ್ ಟ್ಯೂಬಿನ ತುಂಡಿಗೆ ಸಲ್ಯೂಷನ್ ಹಚ್ಚಿ ಅಂಟಿಸಿದೆ. ನಿಲ್ಲಬೇಕು. ಮಲಗಿದಲ್ಲೇ ಮಲಗಿ ಆದ ಬೆನ್ನಿನ ಗಾಯ ಒದ್ದೆಯಾದರೆ ಕೊಳೆಯುತ್ತದಂತೆ.

ಬೆಕ್ಕನ್ನು ಹೊಡೆಯಲು ಕೈ ಬರುವುದಿಲ್ಲ. ಲಕ್ವಾ ಹೊಡೆದು ಹೆಂಡತಿ ಮಲ್ಕಮ್ಮನ ಮಾತು ಹೋಯಿತು, ಬಲಗಡೆ ಪೂರ್ತಿ ಹೋಯಿತು. ಎಡಗೈ ಉಳಿದಿತ್ತು, ಎತ್ತುತ್ತಿರಲಿಲ್ಲ. ಬೆಡ್ ಬಂದ ದಿನ ಬೆಕ್ಕು ತಾನಾಗಿ ಹತ್ತಿ ಮಲಗಿತು. ಎಡಗೈ ಎತ್ತಿ ಸವರಿದಳು! ಅಂದೇ ಅರ್ಧ ಬಟ್ಟಲು ಗಂಜಿ ಕುಡಿದಳು.

ಏಪ್ರಿಲ್ 12

ಉಗುರು ಕತ್ತರಿಸಲು ಹೋದೆ. ಪಕ್ಕದ ಮನೆಯ ಹಜರಾಬಿ ಬೆಕ್ಕನ್ನು ಹಿಡಿದಳು. ಇಬ್ಬರಿಗೂ ಪರಚಿತು.

"ಅಣ್ಣಾ, ಇದು ಬೆಕ್ಕಲ್ಲರಿ, ಫೌಜದಾರ! ಬಿಡ್ರಿ. ನನ್ನ ಕೌದಿ ಹಾಸ್ರಿ. ನಮ್ಮವ್ವನ ಸೀರಿ ಎಲ್ಲಾ ಇದರಾಗೇ ಅವ. ಹುಲಿ ಬಂದ್ರೂ ಉಗುರು ಇಳಿಯಂಗಿಲ್ಲ."

ಬೆಡ್ ಮೇಲೆ ಹಾಸಿದೆ. ಹಳೇ ಸೀರೆ ಪದರ ಪದರವಾಗಿ ಹೊಲಿದ ದಪ್ಪ ಕೌದಿ. ಸೋರುವುದು ನಿಂತಿತು.

ಏಪ್ರಿಲ್ 21

ಡ್ರೆಸ್ಸಿಂಗ್‌ಗೆ ಜಸ್ಮೀನ ಸಿಸ್ಟರ್ ಬಂದಳು. ಗಾಯ ದೊಡ್ಡದಾಗಿದೆ. ಕೌದಿ ಎತ್ತಿ ನೋಡಿದಳು.

"ಮುತ್ಯಾ, ಗೌಂಡಿ ಕೆಲಸ ಇನ್ನಾ ಬಿಟ್ಟಿಲ್ಲೇನ್ರಿ? ನೀರಿನ ಮ್ಯಾಲೂ ಗ್ವಾಡಿ ಕಟ್ಟೀರಲ್ಲ! ಇಷ್ಟು ದಪ್ಪ ಹಾಸಿದ್ರ ಬೆಡ್ ಇದ್ದೂ ಇಲ್ಲದಂಗ."

"ಬೆಕ್ಕು ಹರೀತದವ್ವಾ..."

"ಹಂಗಾದ್ರ ಬೆಕ್ಕು ಕಳಸ್ರಿ. ಇಲ್ಲಾ ಆಯಿ ಹೋಗ್ತಾಳ."

ಕಾಪಾಡುತ್ತೇನೆಂದು ಹಾಸಿದ್ದು ನಾನೇ.

ಏಪ್ರಿಲ್ 22

ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಕೊಳಕೂರಕ್ಕೆ ಹೋಗಿ, ಅಣ್ಣನ ಮಗ ಜಗದೇವನ ಮನೆಯಲ್ಲಿ ಬಿಟ್ಟೆ. ಅಫಜಲಪುರಕ್ಕೆ ಮರಳುವಾಗ ಬಸ್ಸಿನಲ್ಲಿ ಖಾಲಿ ಚೀಲ ಮಡಚುತ್ತಲೇ ಇದ್ದೆ.

ಮೇ 6

ಗಾಯ ಒಣಗುತ್ತಿದೆ. ಸಿಸ್ಟರ್‌ಗೆ ಖುಷಿ. ಮಲ್ಕಮ್ಮ ಬಾಯಿ ಬಿಡುವುದಿಲ್ಲ. ಗಂಜಿ ಕೆನ್ನೆಗುಂಟ ಇಳಿಯುತ್ತದೆ. ಕೈ ಎತ್ತಿಲ್ಲ.

"ಗಾಯ ಮಾಯಾಕತ್ತದ ಅಂತೀರಿ. ಆಕಿ ಮಾರಿ ನೋಡ್ರಿ ಅಣ್ಣಾ" ಎಂದಳು ಹಜರಾಬಿ.

ಮೇ 8

ಆಕೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೌದಿ ಇಲ್ಲದಿದ್ದರೆ ಬೆಕ್ಕು ಬೆಡ್ ಹರಿಯುತ್ತದೆ, ಇದ್ದರೆ ಬೆಡ್ ಇದ್ದೂ ಇಲ್ಲ. ಎಡಗೈ ಹಿಡಿದು ಕೇಳಿದೆ.

"ಮಲ್ಕಿ, ಬೆಡ್ ತಗದು ಬೆಕ್ಕು ತರ್ಲೇನು? ಹೌದಾದ್ರ ಕೈ ಒತ್ತು."

ಒತ್ತಿದಳು.

"ಗಾಯ ಮತ್ತ ಬಿಚ್ಚತದ. ಉಳಿಯಂಗಿಲ್ಲ ನೀ. ತಿಳೀತೇನು?"

ಇನ್ನೂ ಜೋರಾಗಿ ಒತ್ತಿದಳು.

ಮೇ 9

ಬೆಡ್ಡಿನ ನೀರು ಅಂಗಳಕ್ಕೆ ಬಿಟ್ಟೆ. ಬರೀ ಮಂಚದ ಮೇಲೆ ಕೌದಿ ಹಾಸಿ ಆಕೆಯನ್ನು ಮಲಗಿಸಿದೆ. ಜಗದೇವ ಬೆಕ್ಕನ್ನು ತಂದ. ಕೈ ಹತ್ತಿರ ಬಿಟ್ಟೆವು. ಮೂಸಿತು. ಇಳಿದು ಹೋಯಿತು — ನೀರು ತುಂಬಿಟ್ಟ ಮಣ್ಣಿನ ಹರವಿಯ ಬುಡದ ಹಸಿ ನೆಲಕ್ಕೆ. ಮತ್ತೆ ತಂದಿಟ್ಟೆ. ಮತ್ತೆ ಅಲ್ಲಿಗೇ.

ಜಗದೇವ ನಕ್ಕ. "ಕಾಕಾ, ಇಂಥಾ ಬಿಸಲಾಗ ಅದಕ್ಕ ತಂಪು ಬೇಕು. ನಮ್ಮನ್ಯಾಗೂ ಹಿಂಗೇ ಹರವಿ ಬುಡಕ್ಕೇ ಬಿದ್ದಿರ್ತಿತ್ತು. ನೀರಿನ ಹಾಸಿಗಿಗೆ ಬರ್ತಿತ್ತು ಅದು, ಚಿಗವ್ವಗ ಅಲ್ಲ."

ಸುಮ್ಮನಿರು ಎಂದೆ. ಅಷ್ಟರಲ್ಲಿ ಮಲ್ಕಮ್ಮ ಕೇಳಿಸಿಕೊಂಡಿದ್ದಳು. ಕಣ್ಣು ಮುಚ್ಚಿದಳು. ಕೈ ಮಾತ್ರ ಬಿಚ್ಚಿಯೇ ಇತ್ತು.

ಮೇ 10, ಮಧ್ಯಾಹ್ನ

ಕೈ ಇನ್ನೂ ಬಿಚ್ಚಿಯೇ ಇದೆ.

ಕೌದಿಯ ಒಂದು ಮೂಲೆ — ಆಕೆಯ ಎಡಗೈ ಕೆಳಗಿನದು — ತಂಬಿಗೆ ನೀರು ಹಾಕಿ ತೋಯಿಸಿದೆ. ಬೆನ್ನಿಗೆ ದೂರವಿದೆ ಎಂದುಕೊಂಡೆ.

ಬೆಕ್ಕು ಬಂತು. ಮಲಗಿತು. ಆಕೆ ಕಣ್ಣು ತೆರೆದಳು. ಬೆರಳು ಅದರ ಕಿವಿ ಹಿಂದೆ ಹೋದವು, ಕೊರಳಿಗೆ ಬಂದವು. ಬಾಯಿ ಸ್ವಲ್ಪ ಬಿಚ್ಚಿದೆ. ಗಂಜಿ ಬಿಸಿ ಮಾಡಿಟ್ಟಿದ್ದೇನೆ.

ಹಳೇ ಸೀರೆಯ ಬಟ್ಟೆ, ನೀರು ಕುಡಿಯುತ್ತದೆ. ಒದ್ದೆ ಹರಡುತ್ತಿದೆ. ಮೊಣಕೈ ದಾಟಿತು. ಬೆನ್ನಿಗೆ ಇನ್ನು ಒಂದು ಗೇಣು. ಬೆಕ್ಕನ್ನು ಇಳಿಸಬೇಕು, ಕೌದಿ ಎಳೆಯಬೇಕು. ಬರೆಯುವುದು ಬಿಟ್ಟು ಏಳಬೇಕು ನಾನು. ಆಕೆ ನನ್ನ ಕಡೆ ನೋಡುತ್ತಿದ್ದಾಳೆ, ಬೇಡ ಎಂಬಂತೆ... ಇನ್ನು ನಾಲ್ಕು ಬೆರಳು. ಏಳ—