ಹದಿನೈದು ಜೇಬುಗಳು

ಅಂಗಡಿಯ ಒಳಕೋಣೆಯಿಂದ,
ಸೋಮವಾರ, ಮಾರ್ಚ್ 9

ಮುದ್ದಿನ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯಲ್ಲಿ ಎರಡೆರಡು ಪಾಳಿ ನಿಲ್ಲಬೇಡ. ರೋಗಿಗಳು ನೂರಿದ್ದರೂ ನರ್ಸಿಗೆ ಇರುವುದು ಒಂದೇ ಸೊಂಟ. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಏರಿದೆ, ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಬೆಳಗು ಹೋಗುತ್ತದೆ. ನಿಮ್ಮಮ್ಮ ಇದ್ದಾಗ ಒಂದು ಡಜನ್ ಸೂಜಿಗೆ ಮುಂಚೆಯೇ ಪೋಣಿಸಿಟ್ಟಿರುತ್ತಿದ್ದಳು. ನಾನು ಅದನ್ನು ನನ್ನ ಚುರುಕುತನ ಅಂದುಕೊಂಡಿದ್ದೆ. ನಿನ್ನ ಮದುವೆಯಾಗಿ ವರ್ಷವಾಯಿತು, ನಾನು ಬರಲಿಲ್ಲ. ಆಮೇಲೆ ನೀನು ಬರೆದ ಮೂರು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಆ ವಿಷಯಕ್ಕೆ ಬರುತ್ತೇನೆ. ಹೌಎವರ್, ಮೊದಲು ಸುದ್ದಿ. (ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವ ನಾಲ್ಕೈದು ಮಾತುಗಳಲ್ಲಿ ಈ 'ಹೌಎವರ್' ಒಂದು. ಎಲ್ಲಿ ಹಾಕಿದರೂ ಹೊಂದುತ್ತದೆ.)

ನಮ್ಮ ಬೀದಿಯ ಕೊನೆಯ ಮೈದಾನ ನೆನಪಿದೆಯಲ್ಲ? ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಬಂದವರು, ನಿನ್ನ ಗಂಡನ ದೇಶದವರು, ಅಲ್ಲಿ ರಗ್ಬಿ ಆಡುತ್ತಾರೆ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುವುದು, ಉಳಿದವರು ಅವನನ್ನು ಹಿಡಿದು ಕೆಡವುವುದು. ಎರಡು ವರ್ಷದ ಹಿಂದೆ ಬೀದಿಯವರೆಲ್ಲ ಅದನ್ನು ಕೋಣಗಳ ಕಾಳಗ ಅನ್ನುತ್ತಿದ್ದರು. ಅವರ ಬಣ್ಣದ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ನನ್ನವೂ ಇದ್ದವು. ಮೈದಾನ ಅವರಿಗೆ ಕೊಡಬಾರದೆಂಬ ಮನವಿಗೆ ಮೊದಲ ಸಹಿ ನನ್ನದೇ. ಈಗ ನೋಡು, ಭಾನುವಾರ ನಿಲ್ಲಲು ಜಾಗವಿಲ್ಲ. ಬೇಕರಿಯವನ ಇಬ್ಬರು ಮಕ್ಕಳು ತಂಡ ಸೇರಿದರು. ಅವರ ತಾಯಿ ನೋಡಲು ಹೋದಳು. ಅವಳ ಹಿಂದೆ ಇಡೀ ಬೀದಿ ಹೋಯಿತು. ಪೋಸ್ಟ್‌ಮ್ಯಾನ್ ನಿಯಮ ವಿವರಿಸುತ್ತಾನೆ, ಎಲ್ಲ ತಪ್ಪು. ರಿಟೈರ್ಡ್ ಹೆಡ್‌ಮಿಸ್ ಕೊಡೆ ಬೀಸುತ್ತಾ "ಬೀಳ್ಸೋ ಅವನ್ನ, ಏನ್ ನೋಡ್ತಿದೀಯಾ!" ಅಂತ ಕೂಗುತ್ತಾರೆ.

ಕಳೆದ ತಿಂಗಳು ತಂಡದ ಕ್ಯಾಪ್ಟನ್ ಹದಿನೈದು ಅಂಗಿ ಹೊಲಿಸಲು ಬಂದ. ಆಳು ಬಾಗಿಲಷ್ಟು ಅಗಲ. ಅಳತೆ ತೆಗೆಯಲು ನಾನು ಸ್ಟೂಲು ಹತ್ತಿದೆ. 'ವರ್ಕ್ ಈಸ್ ವರ್ಶಿಪ್' ಅಂತ ಕಾಲೇಜಿನ ಗೋಡೆಯ ಮೇಲೆ ಬರೆದಿತ್ತು; ಬೇಡ ಅನ್ನಲಿಲ್ಲ. ಗಟ್ಟಿ ಬಟ್ಟೆ, ಎರಡೆರಡು ಹೊಲಿಗೆ, ಎಲ್ಲ ಅವನು ಹೇಳಿದಂತೆ. ಆದರೆ ನಿನಗೆ ಗೊತ್ತಲ್ಲ, ಎದೆಯ ಮೇಲೆ ಜೇಬಿಲ್ಲದ ಅಂಗಿ ಈ ಅಂಗಡಿಯ ಮೆಟ್ಟಿಲಿಳಿದಿಲ್ಲ. ಕೇಳದೆಯೇ ಹದಿನೈದಕ್ಕೂ ಜೇಬಿಟ್ಟೆ, ಮೂಲೆಗಳಿಗೆ ಮೂರು ಸಲ ಹೊಲಿಗೆ ಓಡಿಸಿ.

ನಿನ್ನೆ ಪಕ್ಕದೂರಿನ ತಂಡದ ಜೊತೆ ಪಂದ್ಯ. ಹತ್ತೇ ನಿಮಿಷದಲ್ಲಿ ಎದುರಾಳಿಗಳಿಗೆ ಗುಟ್ಟು ಗೊತ್ತಾಯಿತು: ಯಾರು ಓಡಿದರೂ ಜೇಬಿಗೆ ಕೈ ಹಾಕಿ ಎಳೆದರೆ ಮುಗಿಯಿತು. ನನ್ನ ಹೊಲಿಗೆಯೋ, ಕಿತ್ತುಬರುವ ಜಾತಿಯದಲ್ಲ. ನಮ್ಮವರು (ಹೌದು, ನಮ್ಮವರು ಅಂತಲೇ ಬರೆದೆ) ಸೋತರು. ಕ್ಷೌರದಂಗಡಿಯವನು ಎಲ್ಲರೆದುರು, "ಏನ್ ಮಾಸ್ಟ್ರೇ, ಸಹಿ ಹಾಕಿದ್ದು ಸಾಲ್ದು ಅಂತ ಹಿಡಿ ಬೇರೆ ಇಟ್ಕೊಟ್ರಾ?" ಅಂದ. ಜನ ನಕ್ಕರು. ಆಮೇಲೆ ನಗು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಬೇಕಂತಲೇ ಮಾಡಿದ್ದಲ್ಲ ಅಂದರೆ ಯಾರು ನಂಬುತ್ತಾರೆ? ಆಗ ಮೊಣಕೈ ತರಚಿಕೊಂಡಿದ್ದ ಕ್ಯಾಪ್ಟನ್ನೇ ಬಂದು, ಇಲ್ಲೇ ಕಲಿತ ಕನ್ನಡದಲ್ಲಿ, "ತಪ್ಪು ನಮ್ದೇ. ಜೇಬು ನೋಡಿದ್ವಿ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಅಂಕಲ್ ಅಷ್ಟು ಚೆನ್ನಾಗಿ ಹೊಲ್ದಿದ್ರು" ಅಂದ. ನನ್ನ ಸಹಿಯ ವಿಷಯ ಅವನಿಗೆ ಮೊದಲೇ ಗೊತ್ತಿತ್ತಂತೆ. ಗೊತ್ತಿದ್ದೇ ನನ್ನ ಅಂಗಡಿಗೆ ಬಂದಿದ್ದ.

ಬೆಳಗಿನಿಂದ ಜೇಬು ಬಿಚ್ಚುತ್ತಿದ್ದೇನೆ. ಒಂಬತ್ತು ಮುಗಿದಿವೆ. ಕೈಗೆ ಕೆಲಸ ಕೊಟ್ಟರೂ ತಲೆ ಸುಮ್ಮನಿರಲಿಲ್ಲ, ಅದಕ್ಕೇ ಕಾಗದ ತೆಗೆದುಕೊಂಡೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಇಬ್ಬರನ್ನೂ ಅಂತ ಬರೆದಿದ್ದೇನೆ, ಗಮನಿಸು.

ನಿನ್ನ ಅಪ್ಪ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ಮದುವೆಗೆ ಮುಂಚೆ ನೀನು ನಿನ್ನ ಗಂಡನನ್ನು ಅಂಗಡಿಗೆ ಕರೆತಂದ ದಿನ ಅವನು ಕೈ ಚಾಚಿದಾಗ ನಾನು ಕತ್ತರಿ ಕೆಳಗಿಡಲಿಲ್ಲ. ಕೆಲಸದಲ್ಲಿದ್ದೆ ಅಂತ ನಿನಗೆ ಹೇಳಿದ್ದೆ. ಮೇಜಿನ ಮೇಲೆ ಬಟ್ಟೆಯೇ ಇರಲಿಲ್ಲ. ಬರುವ ಭಾನುವಾರ ಹತ್ತರ ಬಸ್ಸಿಗೆ ಹೊರಡುತ್ತೇನೆ, ಅವನು ಮನೆಯಲ್ಲಿರಲಿ. ಕ್ಷಮಿಸು ಅನ್ನುವುದಕ್ಕೆ ಅವನ ಭಾಷೆಯಲ್ಲಿ ಏನನ್ನುತ್ತಾರೆಂದು ಬರೆದು ಕಳಿಸು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಳ್ಳುತ್ತೇನೆ.