ಭೂಮಿ ನಿಂತರೆ ನೀವು ಎಲ್ಲಿ ಬೀಳುತ್ತೀರಿ

ಉರ್ವ, ಮಂಗಳೂರು
ಶನಿವಾರ, 13-3-1982

ಬಹರೈನಿನಲ್ಲಿರುವ ನಮ್ಮ ಆಶಾಳ ಅಪ್ಪನಿಗೆ,

ಮೋಹನದಾಸ್ ಎಂದು ಹೆಸರು ಹಿಡಿದು ಬರೆದರೆ ಅತ್ತೆಗೆ ಆಗುವುದಿಲ್ಲ. ಅವರಿಗೆ ಓದಿ ಹೇಳಿದ ಮೇಲೆಯೇ ಕಾಗದ ಅಂಟಿಸಬೇಕೆಂದು ಅಪ್ಪಣೆಯಾಗಿದೆ. ನಿಮ್ಮ ಕೆಮ್ಮು ಕಡಿಮೆಯಾಯಿತಾ? ಏಸಿಯ ಬುಡದಲ್ಲಿ ಮಲಗಬೇಡಿ. ಡಬ್ಬಿ ಮೀನು ತಿಂದು ಊಟ ಮುಗಿಸಿದೆ ಎಂದು ಬರೆಯಲೂ ಬೇಡಿ, ಇಲ್ಲಿ ನಮಗೆ ಬಂಗುಡೆ ಗಂಟಲಲ್ಲಿ ಇಳಿಯುವುದಿಲ್ಲ. ನಾವೆಲ್ಲ ಸೌಖ್ಯ. ಅತ್ತೆಗೆ ಕೂತು ಕೂತು ಕಾಲು ಸ್ವಲ್ಪ ಜೋಮು ಹಿಡಿದಿದೆ, ಅಷ್ಟೆ. (ಈ ವಾಕ್ಯ ಅವರೇ ಬರೆಸಿದ್ದು.)

ಭೂಮಿ ಮಾತ್ರ ನಿಲ್ಲಲಿಲ್ಲ. ಬುಧವಾರ ಗ್ರಹಗಳೆಲ್ಲ ಒಂದೇ ಬದಿಗೆ ಸೇರಿ ಎಳೆಯುತ್ತವೆ, ಭೂಮಿ ತಿರುಗುವುದು ನಿಲ್ಲುತ್ತದೆ ಎಂದು ಉರ್ವ ಮಾರ್ಕೆಟಿನಲ್ಲಿ ಬುಟ್ಟಿಯಿಂದ ಬುಟ್ಟಿಗೆ ಸುದ್ದಿ. ಆಶಾ ಶಾಲೆಯಲ್ಲಿ ಗೆರ್ಟ್ರೂಡ್ ಟೀಚರನ್ನು ಕೇಳಿಯೇ ಬಂದಳು. ಟೀಚರ್ ಮೊದಲು ನಕ್ಕರಂತೆ. ಹಾಗೆಲ್ಲ ನಿಲ್ಲುವುದಿಲ್ಲ, ಫಕ್ಕನೆ ನಿಂತಿತೆಂದೇ ಇಟ್ಟುಕೊಂಡರೆ ಸಿಟಿ ಬಸ್ಸಿಗೆ ಬ್ರೇಕ್ ಹಾಕಿದ ಹಾಗೆ, ಎಲ್ಲರೂ ಮುಂದಕ್ಕೆ, ಅಂದರೆ ಪೂರ್ವಕ್ಕೆ ಹಾರುತ್ತೇವೆ, ಕಡಲೂ ಹಿಂದಿನಿಂದ ಬರುತ್ತದೆ. ಆಮೇಲೆ ಭೂಮಿಯ ಒಂದು ಬದಿಗೆ ತಿಂಗಳುಗಟ್ಟಲೆ ಹಗಲು, ಇನ್ನೊಂದು ಬದಿಗೆ ರಾತ್ರಿ.

ನಾನು ಹೆದರಿದೆ, ಅತ್ತೆ ಹೆದರಲಿಲ್ಲ. ವೀಳ್ಯ ಅಗಿಯುತ್ತ, ಬಹರೈನ್ ನಮಗೆ ಯಾವ ಬದಿ ಎಂದು ಕೇಳಿದರು. ಪಶ್ಚಿಮ ಎಂದೆ. "ಹಾಗಾದ್ರೆ ಅವನು ಇಲ್ಲಿಗೇ ಬಂದು ಬೀಳ್ತಾನಲ್ಲ ಮಾರಾಯ್ತಿ! ಟಿಕೆಟೂ ಬೇಡ, ಆ ಅರಬ್ಬಿ ಧಣಿಯ ರಜೆಯೂ ಬೇಡ." ನಾವೂ ಹಾರುತ್ತೇವಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. "ಅದಕ್ಕೇ ಕಂಬ ಹಿಡ್ಕೊಳ್ಳುವುದು. ನಾವು ಹಾರಿ ಬಿಕರ್ನಕಟ್ಟೆಯಲ್ಲಿ ಬಿದ್ದರೆ, ಅವನು ಬರುವಾಗ ಮನೆಯಲ್ಲಿ ಯಾರುಂಟು?" ಕಡಲು ಬಂದರೆ? "ಬರ್ಲಿ. ಮೀನೂ ಬರ್ತದೆ."

ಬುಧವಾರ ಕೋಳಿಗೂಡನ್ನು ತೆಂಗಿನ ಮರಕ್ಕೆ ಕಟ್ಟಿಸಿದರು. ಆಶಾಳಿಗೆ ಒಂದು ಕಂಬ, ನಿಮ್ಮ ತಮ್ಮ ಪೂವಪ್ಪನಿಗೆ ಒಂದು. ಅವನು ಮರ್ಯಾದೆಗೆ ಮುಖಕ್ಕೆ ಪೇಪರ್ ಅಡ್ಡ ಹಿಡಿದಿದ್ದ. ನನಗೆ ಸಿಕ್ಕಿದ್ದು ಕಿಟಕಿಯ ಸರಳು. ಅತ್ತೆ ಒಬ್ಬರಿಗಾಗುವಷ್ಟು ಅಕ್ಕಿ ಹೆಚ್ಚು ಹಾಕಿಸಿ, ನಿಮ್ಮ ಬಟ್ಟಲು ತೊಳೆಸಿಟ್ಟು, ಚಾವಡಿಯ ದೊಡ್ಡ ಕಂಬ ಅಪ್ಪಿ ಕೂತರು. ನಾವೆಲ್ಲ ಬೀಳುವ ದಿಕ್ಕಿಗೆ ನೋಡುತ್ತಿದ್ದೆವು, ಅವರೊಬ್ಬರು ನೀವು ಬರುವ ದಿಕ್ಕಿಗೆ. ಸೂರ್ಯ ಎಂದಿನ ಹಾಗೆ ಕಡಲಿಗೆ ಇಳಿದ. ನಗುತ್ತ ಎದ್ದೆವು. ನಿಮ್ಮ ಪಾಲಿನ ಅನ್ನ ಮರುದಿನ ತಂಗಳಾಗಿ ನಮಗೇ ಬಂತು.

ಅತ್ತೆ ನಿಮ್ಮ ತಲೆ ಮೇಲೆ ಕೈಯಿಟ್ಟು ಹರಸಿದ್ದಾರೆಂದು ತಿಳಿಯಬೇಕಂತೆ. ಆಶಾಳಿಗೆ ಬಣ್ಣದ ಪೆನ್ಸಿಲ್ ಬೇಕಂತೆ. ನನಗೆ ಎಂತದೂ ಬೇಡ.

ನಿಮ್ಮ
ಕುಶಲಾ

ಮರೆತದ್ದು: ಮರೆತದ್ದಲ್ಲ. ಇಷ್ಟನ್ನು ಅತ್ತೆಗೆ ಓದಿ ಹೇಳಿಯಾಯಿತು; ಇನ್ನು ಬರೆಯುವುದು ಅಡುಗೆಮನೆಯಿಂದ, ಅವರಿಗೆ ಗೊತ್ತಿಲ್ಲ. ನಾಳೆ ಬಜಪೆಯಿಂದ ವಿಮಾನ ಹತ್ತಿ ಅಲ್ಲಿಗೆ ಹೊರಡುವ ಲ್ಯಾನ್ಸಿ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾರೆ. ಬುಧವಾರ ನಾವೆಲ್ಲ ಎದ್ದಾಗ ಅತ್ತೆ ಏಳಲಿಲ್ಲ. ಜೋಮಲ್ಲ. ಬಲಗೈ, ಬಲಗಾಲು ಎರಡೂ ನಿಂತಿವೆ, ಮಾತು ಅರ್ಧ ಬರುತ್ತದೆ. ಟೀಚರ್ ಹೇಳಿದ ಹಾಗೆಯೇ, ಒಂದು ಬದಿ ಹಗಲು, ಒಂದು ಬದಿ ರಾತ್ರಿ. ಆಸ್ಪತ್ರೆಗೆ ಕರೆತನ್ನಿ ಎಂದು ಡಾಕ್ಟರು ದಿನಾ ಹೇಳುತ್ತಾರೆ. ಅತ್ತೆ ಎಡಗೈಯಲ್ಲಿ ಹಿಡಿದ ಕಂಬ ಬಿಡುವುದಿಲ್ಲ. ನೀವು ಬರುವಾಗ ಮನೆಯಲ್ಲಿ ಯಾರುಂಟು ಎಂದು ಅದೇ ಮಾತು. ಗುರುವಾರ ಪೂವಪ್ಪ ಕಳಿಸಿದ "ತಾಯಿ ಸೀರಿಯಸ್" ಟೆಲಿಗ್ರಾಂ ನೋಡಿ ನೀವು ನಕ್ಕಿರಬಹುದು. ಆಶಾಳ ನಾಮಕರಣಕ್ಕೆ, ತಂಗಿಯ ಮದುವೆಗೆ ರಜೆ ಸಿಗಲೆಂದು ನೀವೇ ಹೇಳಿ ಕಳಿಸಿಕೊಂಡದ್ದೂ ಅದೇ ಎರಡು ಶಬ್ದ. ಈ ಸಲ ಮನೆಯಲ್ಲಿ ಮದುವೆಯೂ ಇಲ್ಲ, ನಾಮಕರಣವೂ ಇಲ್ಲ. ಧಣಿ ನಂಬುವುದು ಆಮೇಲೆ, ಮೊದಲು ನೀವು ನಂಬಿ. ಭೂಮಿ ನಿಮ್ಮನ್ನು ಇಲ್ಲಿಗೆ ಎಸೆಯುವುದಿಲ್ಲ. ನೀವೇ ಹೊರಡಬೇಕು.